ಪೇಟ ತೊಟ್ಟ ತಟಸ್ಥರು

"ನಿಮ್ಮ ಬೆಂಗಳೂರಿನವರು ಸಾಧುಗಳು ಸಾರ್, ಸಂಗೀತದೊಳಗೆ ರಾಜಕೀಯ ತರೋದಿಲ್ಲ." ಚೆನ್ನೈಯ ಮೈಲಾಪುರದ ಸಂಗೀತ ಸಭಾ ಕ್ಯಾಂಟೀನಿನಲ್ಲಿ ಕಿವಿಗೆ ಬಿದ್ದ ಹೊಗಳಿಕೆ. ಚುಚ್ಚಿತು.

ಚೆನ್ನೈಯವರು ಬಯಲಲ್ಲೇ ಜಗಳಾಡುತ್ತಾರೆ. 2024ರ ಮಾರ್ಚ್‌ನಲ್ಲಿ ಅಲ್ಲಿನ ಮ್ಯೂಸಿಕ್ ಅಕಾಡೆಮಿ, ಜಾತಿ–ರಾಜಕೀಯದ ಬಗ್ಗೆ ಬಹಿರಂಗವಾಗಿ ಮಾತಾಡುವ ಗಾಯಕ ಟಿ.ಎಂ. ಕೃಷ್ಣ ಅವರಿಗೆ ಸಂಗೀತ ಕಲಾನಿಧಿ ಘೋಷಿಸಿತು. ಅದು ಬರೀ ಬಿರುದಲ್ಲ, ಪಡೆದವರೇ ಡಿಸೆಂಬರ್ ಸಮ್ಮೇಳನದ ಅಧ್ಯಕ್ಷರು. ಅವರ ಅಧ್ಯಕ್ಷತೆ ಒಪ್ಪದ ಗಾಯಕಿ ಸೋದರಿಯರು ರಂಜನಿ–ಗಾಯತ್ರಿ ತಮ್ಮ ಕಛೇರಿಯನ್ನೇ ಬಿಟ್ಟರು, ಕಾರಣವನ್ನೂ ಬರೆದು ತಿಳಿಸಿದರು. ಯಾರು ಸರಿ ಎಂಬುದು ಬೇರೆ ಮಾತು. ಯಾರು ಎಲ್ಲಿ ನಿಂತಿದ್ದಾರೆಂದು ಕೇಳುಗರಿಗೆ ತಿಳಿಯಿತಲ್ಲ!

ನಮ್ಮಲ್ಲಿ ಕೇಳಿದರೆ "ಅದೆಲ್ಲ ನಮಗ್ಯಾಕೆ?" ಸರಿ, ವೇದಿಕೆ ನೋಡಿ. ಬ್ಯಾನರಿನಲ್ಲಿ ವಿದ್ವಾಂಸರ ಹೆಸರಿಗಿಂತ ಶಾಸಕರ ಮುಖ ದೊಡ್ಡದು. ಆರಕ್ಕೆ ಶುರುವಾದ ಎರಡೂವರೆ ಗಂಟೆಯ ಕಛೇರಿಗೆ ಮುಖ್ಯ ಅತಿಥಿ ಬರುವುದು ಏಳೂವರೆಗೆ, ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವ ನೆರವಲ್ ಕಾವೇರುವ ಹೊತ್ತಿಗೆ. ಶಾಲು, ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ, ಭಾಷಣ. ಅರ್ಧ ಗಂಟೆ ಹೋಯಿತು. ಅಷ್ಟರಲ್ಲಿ ಮೃದಂಗದ ಎಡಮಗ್ಗುಲಿಗೆ ಮೆತ್ತಿದ ರವೆ ಒಣಗಿ ಗುಮ್ಕಿ, ಅಂದರೆ ಆ ಕಡೆಯ ಮಂದ್ರನಾದ, ಸತ್ತಿರುತ್ತದೆ, ಮತ್ತೆ ನೀರು ತಟ್ಟಬೇಕು. ಪಿಟೀಲಿನ ಶ್ರುತಿ ಮತ್ತೆ ನೋಡಬೇಕು. ವಿಸ್ತಾರವಾಗಿ ಹಾಡಬೇಕಿದ್ದ ಪಲ್ಲವಿ ಬಿದ್ದುಹೋಗುತ್ತದೆ, ತಾಳವಾದ್ಯದವರ ಸರದಿಯಾದ ತನಿ ಐದು ನಿಮಿಷಕ್ಕಿಳಿಯುತ್ತದೆ. ಪೇಟ ತೊಡಿಸುವ ಫೋಟೊ ಮಾತ್ರ ಚುನಾವಣೆಯ ಫ್ಲೆಕ್ಸಿಗೆ ಬರುತ್ತದೆ. ಇದು ತಟಸ್ಥತೆಯಂತೆ.

ಕೊನೆಗೆ, ಎಂಟೂವರೆಗೆ, ಕುಲವನ್ನು ಪ್ರಶ್ನಿಸುವ ಕನಕದಾಸರ ಕೀರ್ತನೆ. ತುಕ್ಕಡ, ಅಂದರೆ ಕಛೇರಿಯ ಕೊನೆಯ ಪುಟ್ಟ ಹಾಡು, ಅಂತ ನಾಲ್ಕು ನಿಮಿಷ. ಚಪ್ಪಲಿ ಹುಡುಕುತ್ತ ತಾಳ ಹಾಕುವವರಿಗೆ ಅದರಲ್ಲಿ ರಾಜಕೀಯ ಕಾಣುವುದಿಲ್ಲ.

ನಿಜಕ್ಕೂ ತಟಸ್ಥರಾಗಿರಬೇಕೆನ್ನುವವರಿಗೂ ಕೆಲಸವಿದೆ. ಮುಂಗಡ ಮುಟ್ಟುವ ಮೊದಲೇ ಬರೆಸಿಕೊಳ್ಳಿ: ಸನ್ಮಾನ ಕಛೇರಿಗೆ ಮುಂಚೆ ಇಲ್ಲವೇ ಮಂಗಳವಾದ ಮೇಲೆ, ಹತ್ತೇ ನಿಮಿಷ, ವೇದಿಕೆಯ ಹಿಂದೆ ಯಾವ ಪಕ್ಷದವರ ಚಿತ್ರವೂ ಬೇಡ, ಫೋಟೊ ಪ್ರಚಾರಕ್ಕೆ ಬಳಸುವಂತಿಲ್ಲ. ಆಮೇಲೆ ಕೇಳಿದರೆ "ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಿ ಮೇಷ್ಟ್ರೇ" ಅನ್ನುತ್ತಾರೆ. ಪಾಪ, ಪೆಂಡಾಲಿನ ಖರ್ಚು ಆ ಶಾಸಕರದ್ದೇ ಇರಬಹುದು. ಪಕ್ಷ ಹಿಡಿಯುವವರು ವೇದಿಕೆಯ ಮೇಲೆ ಭಾಷಣ ಬಿಗಿಯಬೇಕಿಲ್ಲ. ಆ ಕನಕದಾಸರನ್ನೇ ತುಕ್ಕಡದಿಂದ ಎಬ್ಬಿಸಿ ತನಿಗೆ ಮುಂಚೆ, ಕಛೇರಿಯ ಮುಖ್ಯ ಕೃತಿಯ ಜಾಗದಲ್ಲಿ ಕೂರಿಸಿ, ಆಲಾಪನೆ, ನೆರವಲ್ ಸಮೇತ ನಲವತ್ತು ನಿಮಿಷ ಹಾಡಲಿ.

ಹಾಗಂತ ಚೆನ್ನೈ ಜಗಳವೂ ಅಷ್ಟೇನೂ ಚಂದವಲ್ಲ. ನಮ್ಮ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದ ರಾಮೋತ್ಸವದ ಸಂಗೀತ ಪೆಂಡಾಲಿನಲ್ಲಿ ಬೇರೆಬೇರೆ ಪಕ್ಷಕ್ಕೆ ಮತ ಹಾಕುವವರೂ ಪಕ್ಕಪಕ್ಕ ಕೂತು ತೋಡಿ ರಾಗ ಕೇಳುತ್ತಾರೆ. ಅದಕ್ಕೆ ನಾವು ಬಾಯಿ ಮುಚ್ಚಿಕೊಂಡಿರುವುದರ ಪಾಲೂ ಇದೆ, ಒಪ್ಪಬೇಕು. ಇನ್ನೊಂದು, ಹೆಸರಾದ ಗಾಯಕರು ಕಛೇರಿ ಬಿಟ್ಟರೆ ಅವರಿಗೆ ಬೇರೆ ಸಭೆಗಳಿವೆ. ಆ ಸಂಜೆಯನ್ನು ಅವರಿಗೆಂದೇ ಕಾದಿರಿಸಿದ ಪಿಟೀಲು, ಮೃದಂಗ, ಘಟದವರಿಗೆ? ಪಕ್ಕವಾದ್ಯದವರ ಅರ್ಧ ಸಂಭಾವನೆಯನ್ನಾದರೂ ತಾವೇ ಕೊಟ್ಟು ಆಮೇಲೆ ಬಹಿಷ್ಕಾರ ಸಾರಲಿ.