ಹಾಲೂ ಜೇನೂ ಹರಿಯುವ ದೇಶ ಕೊಡ್ತೀನಿ, ನಾನು ಮಾತ್ರ ಬರಲ್ಲ

ಬೈಬಲಿನ ವಿಮೋಚನಕಾಂಡ 33ನೇ ಅಧ್ಯಾಯದ 14ನೇ ವಚನ ಎಲ್ಲ ಕಡೆ ಸಿಗುತ್ತದೆ. ಕ್ಯಾಲೆಂಡರ್ ಮೇಲೆ, ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ, ಕಾರಿನ ಹಿಂದಿನ ಗಾಜಿನ ಮೇಲೆ. ನಾನೇ ನಿನ್ನ ಸಂಗಡ ಬಂದು ವಿಶ್ರಾಂತಿ ಕೊಡುವೆನು ಅನ್ನುವ ಮಾತು ಅದು. ಅದೇ ಅಧ್ಯಾಯದ ಮೊದಲ ಮೂರು ವಚನ ಇಟ್ಟುಕೊಂಡು ಪ್ರಸಂಗ ಮಾಡುವವರು ಮಾತ್ರ ಅಪರೂಪ.

ಆ ಮೂರು ವಚನಗಳಲ್ಲಿ ದೇವರು, ಇಸ್ರಾಯೇಲ್ಯರನ್ನು ಐಗುಪ್ತದಿಂದ ಕರೆತಂದ ಮೋಶೆಗೆ ಹೇಳುವುದನ್ನು ಬಿಡಿಸಿ ನೋಡಿ. ಅಬ್ರಹಾಮನಿಗೆ ಮಾತು ಕೊಟ್ಟ ದೇಶಕ್ಕೆ ಹೋಗಿ. ಮುಂದೆ ದೂತನನ್ನು ಕಳಿಸುತ್ತೇನೆ. ಕಾನಾನ್ಯರು, ಅಮೋರಿಯರು, ಹಿತ್ತಿಯರು ಎಲ್ಲರನ್ನೂ ಓಡಿಸುತ್ತೇನೆ. ನಾನು ಮಾತ್ರ ನಿಮ್ಮ ಜೊತೆ ಬರುವುದಿಲ್ಲ. ನಮ್ಮ ಕೂಟಗಳಲ್ಲಿ ಆಶೀರ್ವಾದ ಅಂತ ಕರೆಯುವುದೆಲ್ಲ ಈ ಪಟ್ಟಿಯಲ್ಲಿದೆ: ಜಾಗ, ಜಯ, ಸಮೃದ್ಧಿ, ದೂತನ ಕಾವಲು. ಕೊಡುವವನೊಬ್ಬ ಇಲ್ಲ, ಅಷ್ಟೇ. ಇವತ್ತು ಇದನ್ನೇ ವೇದಿಕೆ ಮೇಲೆ ಘೋಷಿಸಿದರೆ ಕೊನೆಯ ಸಾಲು ಕಿವಿಗೆ ಬೀಳುವ ಮೊದಲೇ ಮುಕ್ಕಾಲು ಪಾಲು ಜನ ಆಮೆನ್ ಅಂದುಬಿಡುತ್ತಾರೆ ಅನ್ನುವುದು ನನ್ನ ಗುಮಾನಿ.

ಹಿಂದಿನ ಅಧ್ಯಾಯದಲ್ಲಷ್ಟೇ ಚಿನ್ನದ ಕರುವಿನ ವಿಗ್ರಹ ಮಾಡಿಕೊಂಡು ಅದರ ಮುಂದೆ ಕುಣಿದು ದೇವರ ಸಿಟ್ಟಿಗೆ ಗುರಿಯಾಗಿದ್ದ ಆ ಜನ ಇದನ್ನು ಕೆಟ್ಟ ಸುದ್ದಿ ಎಂದೇ ಕೇಳಿಸಿಕೊಂಡರು. ಅತ್ತರು, ಯಾರೂ ಒಡವೆ ಹಾಕಿಕೊಳ್ಳಲಿಲ್ಲ. ಮೋಶೆ, ನೀನು ಬರದಿದ್ದರೆ ನಮ್ಮನ್ನು ಇಲ್ಲಿಂದ ಕದಲಿಸಲೇ ಬೇಡ ಎಂದ. ‘ಇಲ್ಲಿ’ ಅಂದರೆ ಸೀನಾಯಿ ಬೆಟ್ಟದ ಬುಡ, ಬರೀ ಮರಳುಗಾಡು. ಮೋಶೆಯ ಮಾತಿನ ‘ನೀನು’ ಮೂಲದಲ್ಲಿ ‘ನಿನ್ನ ಸನ್ನಿಧಿ’; ಸನ್ನಿಧಿಗೆ ಅಲ್ಲಿರುವ ಹೀಬ್ರೂ ಪದ ‘ಪಾನೀಮ್’. ಅದರ ನೇರ ಅರ್ಥ ಮುಖ. ಕನ್ನಡದ ‘ಸಮ್ಮುಖ’ದೊಳಗೂ ಮುಖ ಇದೆ ನೋಡಿ.

ಹಾಗಾದರೆ ದೇವರಿಗೆ ಚಿನ್ನ ಬೇಡವೇ, ಶೀಟು ಹೊದಿಸಿದ ಸಭೆಯೇ ಪವಿತ್ರವೇ? ಅಷ್ಟು ಸುಲಭವಾಗಿಲ್ಲ. ಇದೇ ಜನ ಮುಂದೆ ಕಟ್ಟಿದ, ಬಿಚ್ಚಿ ಹೊತ್ತೊಯ್ಯಬಹುದಾದ ಆರಾಧನೆಯ ಡೇರೆಗೆ, ಅಂದರೆ ದೇವದರ್ಶನದ ಗುಡಾರಕ್ಕೆ, 29 ತಲಾಂತು 730 ಶೆಕೆಲ್ ಚಿನ್ನ ಹೋಯಿತು ಎಂದು 38ನೇ ಅಧ್ಯಾಯದಲ್ಲಿ ಲೆಕ್ಕವಿದೆ. ಹತ್ತಿರಹತ್ತಿರ ಒಂದು ಟನ್. ಅದೂ ಉದ್ದ 30 ಮೊಳ, ಅಗಲ 10 ಮೊಳದ ಗುಡಾರಕ್ಕೆ. ಅಡಿ ಲೆಕ್ಕದಲ್ಲಿ ಸುಮಾರು 45ಕ್ಕೆ 15, ವಿಸ್ತೀರ್ಣದಲ್ಲಿ ನಮ್ಮ 30x40 ಸೈಟಿಗಿಂತ ಚಿಕ್ಕದು.

ಆದರೆ ಆ ಚಿನ್ನ ಎಲ್ಲಿತ್ತು? ಅಂಗಳದಲ್ಲಿ ಕಾಣುವುದು ತಾಮ್ರ. ಒಳಗೆ ಹೋದಷ್ಟೂ ಚಿನ್ನ. ಹೊದಿಕೆ ನಾಲ್ಕು ಪದರ: ಎಲ್ಲಕ್ಕಿಂತ ಒಳಗೆ ಕೆರೂಬಿಗಳ (ರೆಕ್ಕೆಯುಳ್ಳ ದೇವಲೋಕದ ಜೀವಿಗಳ) ಕಸೂತಿಯ ನಾರುಬಟ್ಟೆ, ಅದರ ಮೇಲೆ ಆಡಿನ ಕೂದಲಿನ ಪರದೆ, ಆಮೇಲೆ ಕೆಂಪು ಬಣ್ಣ ಹಾಕಿದ ಟಗರಿನ ತೊಗಲು, ಎಲ್ಲಕ್ಕಿಂತ ಮೇಲೆ ಮತ್ತೊಂದು ತೊಗಲು. ಅಂದರೆ ಕಸೂತಿ ಒಳಗೆ, ಚರ್ಮ ಹೊರಗೆ. ದಾರಿಹೋಕನಿಗೆ ಅದೊಂದು ಚರ್ಮದ ಡೇರೆ. ದೇವರ ಆಜ್ಞೆಗಳ ಕಲ್ಲಿನ ಹಲಗೆಗಳನ್ನಿಟ್ಟ ಪೆಟ್ಟಿಗೆ, ಅಂದರೆ ಮಂಜೂಷವಿದ್ದ ಮಹಾಪರಿಶುದ್ಧ ಸ್ಥಳಕ್ಕೆ ಹೋಗುತ್ತಿದ್ದವನು ಮಹಾಯಾಜಕನೊಬ್ಬನೇ, ವರ್ಷದಲ್ಲಿ ಒಂದೇ ದಿನ, ಅದೂ ಧೂಪದ ಹೊಗೆಯ ಮರೆಯಲ್ಲಿ. ಪ್ರಯಾಣ ಹೊರಟಾಗ ಮಂಜೂಷವನ್ನು ಹೊರುತ್ತಿದ್ದ ಲೇವಿ ಕುಲದ ಕೆಹಾತ್ಯರಿಗೂ ಮುಚ್ಚಿಯೇ ಕೊಡಬೇಕಿತ್ತು. ಮಂಜೂಷದ ಬಳೆಗಳಿಂದ ಹೊರುವ ಕೋಲುಗಳನ್ನು ತೆಗೆಯಲೇಬಾರದು ಎಂಬ ಕಟ್ಟಳೆಯೂ ಇತ್ತು. ಯಾವಾಗ ಹೊರಡಬೇಕೋ ಗೊತ್ತಿಲ್ಲವಲ್ಲ!

ಇನ್ನು ಬೆಳ್ಳಿಯ ಲೆಕ್ಕ. ಎಣಿಕೆಯಾದ ಗಂಡಸರು 6,03,550. ತಲೆಗೆ ಅರ್ಧ ಶೆಕೆಲ್, ಅಂದರೆ ಆರು ಗ್ರಾಮಿಗೂ ತುಸು ಕಡಿಮೆ. ಐಶ್ವರ್ಯವಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ. ಒಟ್ಟು 3,01,775 ಶೆಕೆಲ್. ತಲಾಂತಿಗೆ 3,000 ಶೆಕೆಲ್‌ನಂತೆ 100 ತಲಾಂತು, ಮಿಕ್ಕದ್ದು 1,775. ಆ ನೂರು ತಲಾಂತಿನಲ್ಲಿ ನೂರು ಅಡಿಗಲ್ಲು ಎರಕ ಹೊಯ್ದರು: 48 ಹಲಗೆಗಳಿಗೆ ಎರಡೆರಡರಂತೆ 96, ತೆರೆಯ ಕಂಬಗಳಿಗೆ 4. ಮಿಕ್ಕದ್ದು ಕಂಬಗಳ ಕೊಂಡಿಗಳಿಗೆ, ಪಟ್ಟಿಗಳಿಗೆ. ಚಿನ್ನದ ತಗಡು ಹೊದಿಸಿದ ಗೋಡೆಗಳು ನಿಂತದ್ದು ಬಡವನೂ ಸಮಪಾಲು ಹಾಕಿದ ಬೆಳ್ಳಿಯ ಮೇಲೆ. ಬೆಂಚಿಗೊಂದು, ಫ್ಯಾನಿಗೊಂದು ದಾನಿಗಳ ಹೆಸರು ಬರೆಸುವ ಕಟ್ಟಡ ಸಮಿತಿಗಳು ಈ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಬೇಕು.

ಕಾಣಿಕೆ ಸಾಕಾಯಿತು, ಇನ್ನು ತರಬೇಡಿ ಎಂದು ಪಾಳೆಯದಲ್ಲಿ ಸಾರಿಸಿದ್ದೂ ಇಲ್ಲೇ, 36ನೇ ಅಧ್ಯಾಯದಲ್ಲಿ. ಗುಡಾರದ ಮುಖ್ಯ ಶಿಲ್ಪಿ ಬೆಚಲೇಲನ ಕೆಲಸಗಾರರು ತಾವೇ ಬಂದು, ಬೇಕಾದ್ದಕ್ಕಿಂತ ಹೆಚ್ಚು ಬರುತ್ತಿದೆ ಎಂದು ಮೋಶೆಗೆ ಹೇಳಿದರು. ಹೀಗಾಗಬೇಕಾದರೆ ಅಳತೆ ಮೊದಲೇ ಗೊತ್ತಿರಬೇಕು. ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಅಂದಾಜು ಪಟ್ಟಿ ಇಲ್ಲದೆ ಕಾಣಿಕೆ ಶುರುವಾಗುತ್ತದೆ, ದುಡ್ಡು ಬಂದ ಹಾಗೆ ಪ್ಲಾನ್ ಬೆಳೆಯುತ್ತದೆ, ಗೋಪುರದ ಪಕ್ಕ ಇನ್ನೊಂದು ಗೋಪುರ, ಆಮೇಲೆ ಎಲ್‌ಇಡಿ ಗೋಡೆ, ಅದರ ಸಾಲ ತೀರಿಸಲು ಇನ್ನೊಂದು ವಿಶೇಷ ಕಾಣಿಕೆ. ಸಾಕು ಅನ್ನುವ ದಿನ ಬರುವುದೇ ಇಲ್ಲ.

ಹೊಸ ಸಭಾಲಯದ ಪ್ರತಿಷ್ಠೆಯ ಆಮಂತ್ರಣ ಪತ್ರದಲ್ಲಿ ಪ್ರವಾದಿ ಹಗ್ಗಾಯನ ಗ್ರಂಥದ 2:9 ಅಚ್ಚು ಹಾಕಿಸುವುದು ವಾಡಿಕೆ: ಈ ಆಲಯದ ಮುಂದಿನ ವೈಭವ ಹಿಂದಿನದಕ್ಕಿಂತ ಹೆಚ್ಚು. ಕ್ರಿ.ಪೂ. 520ರಲ್ಲಿ ಹಗ್ಗಾಯ ಅದನ್ನು ಹೇಳಿದ್ದು, ಯೆರೂಸಲೇಮಿನಲ್ಲಿ ಸುಟ್ಟುಹೋದ ಹಳೆಯ ಆಲಯ ಕಂಡಿದ್ದ ಮುದುಕರ ಕಣ್ಣಿಗೆ ಏನೂ ಅಲ್ಲವೆನಿಸಿದ ಕಟ್ಟಡದ ಎದುರು. ಅದಕ್ಕೂ ಮೊದಲು, 4 ಮತ್ತು 5ನೇ ವಚನಗಳಲ್ಲಿ, ನಾನು ನಿಮ್ಮ ಸಂಗಡ ಇದ್ದೇನೆ, ಕೆಲಸ ನಡೆಸಿ ಎಂಬ ಮಾತಿದೆ. ಅದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ತದ್ವಿರುದ್ಧ ದೃಶ್ಯ ಪ್ರವಾದಿ ಯೆಹೆಜ್ಕೇಲನ ಗ್ರಂಥದಲ್ಲಿದೆ, 8ರಿಂದ 11ನೇ ಅಧ್ಯಾಯದವರೆಗೆ. ದೇವರ ಮಹಿಮೆ ಆ ಹಳೆಯ ಆಲಯ, ಅಂದರೆ ಸೊಲೊಮೋನನ ಆಲಯ ಬಿಟ್ಟು ಹೋಗುತ್ತದೆ, ಒಮ್ಮೆಲೇ ಅಲ್ಲ, ಅಲ್ಲಲ್ಲಿ ನಿಂತು ನಿಂತು: ಕೆರೂಬಿಯಿಂದ ಹೊಸ್ತಿಲಿಗೆ, ಹೊಸ್ತಿಲಿಂದ ಮೂಡಣ ಬಾಗಿಲಿಗೆ, ಅಲ್ಲಿಂದ ಊರಾಚೆಯ ಬೆಟ್ಟಕ್ಕೆ. ದರ್ಶನ ಕಂಡದ್ದು ಕ್ರಿ.ಪೂ. 592ರಲ್ಲಿ. ಬಾಬೆಲಿನವರು ಆಲಯ ಸುಟ್ಟದ್ದು 586ರಲ್ಲಿ. ನಡುವಿನ ಸುಮಾರು ಆರು ವರ್ಷ ಗೋಡೆ ಗಟ್ಟಿಯಾಗಿತ್ತು, ಬಾಗಿಲು ತೆರೆಯುತ್ತಿತ್ತು, ಮುಂದಿನ ಎರಡು ತಾಮ್ರದ ಕಂಬಗಳೂ ನಿಂತೇ ಇದ್ದವು.

ಮಾರ್ಕನ ಸುವಾರ್ತೆಯ 12 ಮತ್ತು 13ನೇ ಅಧ್ಯಾಯಗಳ ನಡುವಿನ ಅಂಕಿಯನ್ನು ಬೆರಳಿನಿಂದ ಮುಚ್ಚಿ ಓದಿ. ಕಾಣಿಕೆ ಪೆಟ್ಟಿಗೆಯ ಎದುರು ಕೂತ ಯೇಸು, ಎರಡು ಪುಡಿಗಾಸು ಹಾಕಿದ ವಿಧವೆಯನ್ನು ಶಿಷ್ಯರಿಗೆ ತೋರಿಸುತ್ತಾನೆ. ಮುಂದಿನ ವಾಕ್ಯದಲ್ಲೇ ಅವರು ಆಲಯದಿಂದ ಹೊರಗೆ ಬರುತ್ತಿದ್ದಾರೆ, ಶಿಷ್ಯನೊಬ್ಬ ತಲೆಯೆತ್ತಿ ಹೇಳುತ್ತಾನೆ: ಗುರುವೇ, ನೋಡು, ಎಂಥಾ ಕಲ್ಲುಗಳು!