ರಾಜಧಾನಿಯ ಕಲೋತ್ಸವಗಳನ್ನು ಹಾಸನಕ್ಕೂ ಹಂಚಬೇಕೆ?

ಪರ

ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಇಡೀ ನಾಡಿನ ತೆರಿಗೆ ಹಣದ ರಂಗಮಂದಿರ. ಅದರ ಮಗ್ಗುಲಲ್ಲೇ ಇರುವ ಕನ್ನಡ ಭವನದಲ್ಲಿ ಅಕಾಡೆಮಿಗಳ ಕಚೇರಿಗಳಿವೆ. ಹೀಗಿರುವಾಗ ಅಲ್ಲಿ ನಡೆಯುವ ನಾಟಕೋತ್ಸವವೋ ಸಂಗೀತೋತ್ಸವವೋ ಹಾಸನದವರ ಪಾಲಿಗೆ ಮರುದಿನದ ಪತ್ರಿಕೆಯ ಸುದ್ದಿಯಾಗಿ ಮುಗಿದುಹೋಗುವುದು ನ್ಯಾಯವಲ್ಲ.

ಬೆಂಗಳೂರು ಇಲ್ಲಿಂದ ಸುಮಾರು 180 ಕಿಲೋಮೀಟರ್. 2017ರಲ್ಲಿ ಕುಣಿಗಲ್ ಮಾರ್ಗದ ರೈಲು ಬಂದ ಮೇಲೆ ಪ್ರಯಾಣ ಸಲೀಸಾಗಿದೆ, ನಿಜ. ಆದರೆ ನಾಟಕಗಳು ನಡೆಯುವುದು ಸಂಜೆ. ಜೆ.ಪಿ. ನಗರದ ರಂಗಶಂಕರದಲ್ಲಿ ಏಳೂವರೆಯ ಪ್ರದರ್ಶನ ಮುಗಿಸಿ, ಮೆಜೆಸ್ಟಿಕ್ ತಲುಪಿ ಬಸ್ಸು ಹತ್ತಿದವರು ಹಾಸನದಲ್ಲಿ ಇಳಿಯುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತದೆ. ಆಲೂರಿಗೋ ಅರಕಲಗೂಡಿಗೋ ಹೋಗಬೇಕಾದವರು ಬೆಳಗಿನ ಮೊದಲ ಬಸ್ಸಿಗೆ ನಿಲ್ದಾಣದಲ್ಲೇ ಕಾಯಬೇಕು. ನಾಟಕದ ಹುಚ್ಚಿರುವ ಕಾಲೇಜು ಹುಡುಗಿಯನ್ನು ಯಾವ ಮನೆಯವರು ಹೀಗೆ ಕಳುಹಿಸಿಯಾರು?

ಉತ್ಸವವನ್ನು ಊರಿಗೆ ತರುವುದು ಅಸಾಧ್ಯವೇನಲ್ಲ. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ಸರ್ಕಾರಿ ನಾಟಕಸಂಸ್ಥೆ ರಂಗಾಯಣಕ್ಕೆ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿ ಘಟಕಗಳಾದವು. ಹೆಗ್ಗೋಡಿನ ನೀನಾಸಂ 1985ರಿಂದ ತಿರುಗಾಟದ ಮೂಲಕ ಊರೂರಿಗೆ ನಾಟಕ ಒಯ್ಯುತ್ತಿದೆ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಮದನಿಕೆಯರನ್ನು ನೋಡಲು ದೇಶವಿದೇಶದವರು ಬರುವ ಜಿಲ್ಲೆಯಲ್ಲಿ ಭರತನಾಟ್ಯ ಕಲಿಯುವ ಮಕ್ಕಳು ದೊಡ್ಡ ಕಲಾವಿದರನ್ನು ಮೊಬೈಲಿನಲ್ಲಿ ಮಾತ್ರ ನೋಡಿ ಬೆಳೆಯುವುದು ವಿಚಿತ್ರವಲ್ಲವೇ?

ವಿರೋಧ

ಹಂಚಬೇಕೆನ್ನುವವರು ಕಲೆಯನ್ನು ಪಡಿತರದ ಅಕ್ಕಿಯಂತೆ ಕಾಣುತ್ತಾರೆ. ಚಾಮರಾಜಪೇಟೆಯಲ್ಲಿ 1939ರಿಂದ ಬೆಳೆದುಬಂದ ರಾಮನವಮಿ ಸಂಗೀತೋತ್ಸವವಾಗಲಿ, ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ನಡೆಸುವ ಚಿತ್ರಸಂತೆಯಾಗಲಿ ಆದೇಶದಿಂದ ಹುಟ್ಟಿದವಲ್ಲ. ಕೇಳುವವರು, ಕೊಳ್ಳುವವರು ವರ್ಷವರ್ಷವೂ ಬಂದದ್ದರಿಂದ ನಿಂತವು. ಚಿತ್ರಸಂತೆಯನ್ನು ಜಿಲ್ಲೆಗಳಿಗೆ ಒಡೆದು ಹಂಚಿದರೆ ಬೆಂಗಳೂರಿಗೆ ಚಿತ್ರ ಮಾರಲು ಹೋಗುವ ಹಾಸನದ ಕಲಾವಿದನಿಗೇ ಮೊದಲ ನಷ್ಟ.

ಅಷ್ಟಕ್ಕೂ ನಮ್ಮ ಜಿಲ್ಲೆ ರಂಗವೇ ಇಲ್ಲದ ಬಯಲಲ್ಲ. ನಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವ ಹವ್ಯಾಸಿಗಳು ಸಂಭಾವನೆ ಪಡೆಯುವುದಿರಲಿ, ಪಾತ್ರಕ್ಕೆ ಇಷ್ಟೆಂದು ತಾವೇ ಹಣ ಕಟ್ಟುತ್ತಾರೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಗದ್ದೆ ಕೆಲಸ ಮುಗಿಸಿ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದಪದ್ಯಗಳನ್ನು ಬಾಯಿಪಾಠ ಮಾಡಿ, ಸೀನರಿ, ಬಣ್ಣ, ಮೈಕುಗಳ ಬಾಡಿಗೆ ಹೊಂದಿಸಿಕೊಂಡು, ರಾತ್ರಿ ಆರಂಭಿಸಿದ ನಾಟಕವನ್ನು ಬೆಳಗಿನ ಜಾವದವರೆಗೆ ಆಡುತ್ತಾರೆ. ದುರ್ಯೋಧನನ ಕೈಗಡಿಯಾರ ಒಮ್ಮೊಮ್ಮೆ ಬೆಳಕಿಗೆ ಮಿನುಗುವುದುಂಟು; ಆದರೆ ಪದ್ಯಕ್ಕೆ ‘ಒನ್ಸ್ ಮೋರ್’ ಎಂದು ಕೂಗುವ ಪ್ರೇಕ್ಷಕರು ಅಲ್ಲಿ ಇದ್ದೇ ಇರುತ್ತಾರೆ. ಮೂಡಲಪಾಯ ಯಕ್ಷಗಾನ, ಜನಪದ ವಾದ್ಯಮೇಳವಾದ ಚಿಟ್ಟಿಮೇಳದ ಕಲಾವಿದರ ಮಾತೂ ಇಷ್ಟೇ: ಅವರಿಗೆ ಬೇಕಿರುವುದು ಅಭ್ಯಾಸದ ಜಾಗ, ಕೈಗೆಟಕುವ ಬಾಡಿಗೆಯ ಸಭಾಂಗಣ ಮತ್ತು ದೀಪ, ಧ್ವನಿ ಬಲ್ಲ ಒಬ್ಬ ಕಾಯಂ ನೌಕರ.

ಸರ್ಕಾರಿ ಉತ್ಸವ ಜಿಲ್ಲೆಗೆ ಬಂದಾಗ ಆಗುವುದನ್ನು ಎಲ್ಲರೂ ಕಂಡಿದ್ದೇವೆ. ಉದ್ಘಾಟನೆ, ಹಾರ ತುರಾಯಿ, ಭಾಷಣಗಳು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನವರು ಗಣ್ಯರ ಹಿಂದೆಯೇ ಎದ್ದು ಹೋಗಿರುತ್ತಾರೆ. ಮೇಕಪ್ ಒಣಗಿದ ಕಲಾವಿದರು ಖಾಲಿ ಕುರ್ಚಿಗಳೆದುರು ಕುಣಿಯುತ್ತಾರೆ. ಮೂರು ದಿನದ ಪೆಂಡಾಲು ಬಿಚ್ಚಿದ ಮೇಲೆ ಊರಿಗೆ ಉಳಿಯುವುದು ಬ್ಯಾನರುಗಳು ಮಾತ್ರ. ರಾತ್ರಿ ಪ್ರಯಾಣದ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಟಕ ಕಲಿಯಬೇಕೆನ್ನುವ ಹುಡುಗಿಗೆ ಒಂದೇ ವಾರದಲ್ಲಿ ನಾಲ್ಕಾರು ನಾಟಕ ನೋಡಿ ಹೋಲಿಸುವ ಅವಕಾಶ ಬೇಕು. ಅದನ್ನು ವರ್ಷಕ್ಕೊಮ್ಮೆ ಬಂದುಹೋಗುವ ಉತ್ಸವ ಕೊಡಲಾರದು. ಅವಳಿಗೆ ರಾಜಧಾನಿಯಲ್ಲಿ ತಂಗಲು ಶಿಷ್ಯವೇತನ ಕೊಡುವುದು ಹೆಚ್ಚು ಉಪಯುಕ್ತ. ಬೆಂಗಳೂರಿನ ತಂಡಗಳು ಇಲ್ಲಿಗೆ ಬರುವುದಾದರೆ ಟಿಕೆಟ್ ಇಟ್ಟು ಬರಲಿ, ಪಾಸು ಹಂಚಿ ತುಂಬಿಸಿದ ಸಭಾಂಗಣಕ್ಕಲ್ಲ.