ಆಟ ಬೆರೆತ ಕೆಲಸ

ನಗುತ್ತಾ ಕೆಲಸ ಮಾಡುವವರನ್ನು ಕಂಡರೆ 'ಇವರಿಗೆ ಕೆಲಸ ಕಡಿಮೆ' ಅಂದುಕೊಳ್ಳುವವರು ಎಲ್ಲ ಕಡೆಯೂ ಇದ್ದಾರೆ. ಬೆಂಗಳೂರಿನಲ್ಲಿ ನಾನು ಲೆಕ್ಕಪತ್ರ ನೋಡುತ್ತಿದ್ದ ಆಫೀಸಿನಲ್ಲಿ ನಗುವುದಕ್ಕೂ ಹೊತ್ತು ಗೊತ್ತುಮಾಡಿದ್ದರು. ಶುಕ್ರವಾರ ಸಂಜೆ ಎಲ್ಲರನ್ನೂ ಒಂದು ಹಾಲ್‌ಗೆ ಕರೆದು ಬಲೂನು ಊದಿಸುತ್ತಿದ್ದರು, ಅಂತ್ಯಾಕ್ಷರಿ ಆಡಿಸುತ್ತಿದ್ದರು. ಅದು ಮುಗಿದ ಮೇಲೆ ಬಾಕಿ ಕೆಲಸಕ್ಕೆ ಮತ್ತೆ ಕೂರಬೇಕು. ಮಿಕ್ಕ ದಿನ ಪಕ್ಕದವರ ಜೊತೆ ಸ್ವಲ್ಪ ಜೋರಾಗಿ ನಕ್ಕರೂ ಮ್ಯಾನೇಜರ್ ತಲೆ ಎತ್ತಿ ನೋಡುತ್ತಿದ್ದರು.

ಮದುವೆಯಾಗಿ ಕಾಸರಗೋಡಿನ ಬದಿಯಡ್ಕದ ಕಡೆ ಬಂದ ಮೇಲೆ ಬೇರೆ ರೀತಿಯನ್ನು ಕಂಡೆ. ನಮ್ಮದು ಅಡಿಕೆ ತೋಟ. ಹಣ್ಣಡಿಕೆಯನ್ನು ಒಂದೂವರೆ ತಿಂಗಳಷ್ಟು ಅಂಗಳದ ಬಿಸಿಲಿನಲ್ಲಿ ಒಣಗಿಸಿ ಆಮೇಲೆ ಸುಲಿಯುತ್ತಾರೆ. ಸುಲಿಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಹಾಗಾಗಿ ಯಾರೂ ಸುಮ್ನೆ ಹೊತ್ತು ಕಳೆಯುವುದಿಲ್ಲ. ಆದರೂ ಬಾಯಿಗೆ ಬಿಡುವಿಲ್ಲ. ತುಳುವಿನಲ್ಲಿ ಒಗಟು, ಮಲಯಾಳದಲ್ಲಿ ಉತ್ತರ, ನಡುವೆ ನನ್ನ ಹಾಸನದ ಕನ್ನಡದ ಅಣಕ. 'ಒಳ್ಳೆಯದಾ, ಕೋಕವಾ? ಹೇಳಿ ಅಕ್ಕ' ಅಂತ ಒಬ್ಬರು ಸುಲಿಯದ ಅಡಿಕೆಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಕೋಕ ಅಂದರೆ ಕೆಟ್ಟ ಅಡಿಕೆ. ನಾನು ಹೇಳಿದ ಮೇಲೆ ಅದನ್ನು ಕತ್ತಿಗೆ ಕೊಟ್ಟು, ಸಿಪ್ಪೆ ಬಿಡಿಸಿ, ಅಂಗೈ ಮೇಲಿಟ್ಟು ತೋರಿಸುತ್ತಾರೆ. ಕಡಿಮೆ ದರ್ಜೆಯ ಅಡಿಕೆಯನ್ನು ಪಟೋರ, ಕೋಕ, ಕರಿಗೋಟು ಅಂತ ವಿಂಗಡಿಸುವುದನ್ನು ನಾನು ಕಲಿತದ್ದು ಹೀಗೆ. ತಪ್ಪು ಹೇಳಿದರೆ ಒಂದು ನಗು, ಅಷ್ಟೇ. ಹೆದರಿಕೆ ಇಲ್ಲದ ಕಡೆ ಕೈ, ಕಣ್ಣು ಎರಡೂ ಬೇಗ ಪಳಗುತ್ತವೆ.

ಮನಶ್ಶಾಸ್ತ್ರ ಓದಿದವರೂ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಆಲಿಸ್ ಐಸೆನ್ ಮತ್ತು ಜೊತೆಯವರು ಪ್ರಯೋಗವೊಂದನ್ನು 1987ರಲ್ಲಿ ಪ್ರಕಟಿಸಿದರು. ಒಂದು ಮೇಣದಬತ್ತಿ, ಬೆಂಕಿಕಡ್ಡಿ, ಪೆಟ್ಟಿಗೆ ತುಂಬ ಸಣ್ಣ ಮೊಳೆ ಕೊಟ್ಟು, ಮೇಣ ಕೆಳಗೆ ತೊಟ್ಟಿಕ್ಕದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಅಂದರು. ಮೊಳೆ ಹೊರಗೆ ಸುರಿದು ಪೆಟ್ಟಿಗೆಯನ್ನೇ ಮೊಳೆಯಿಂದ ಗೋಡೆಗೆ ಜಡಿದರೆ ಆಯಿತು, ಬತ್ತಿ ಅದರ ಮೇಲೆ ನಿಲ್ಲುತ್ತದೆ. ಮೊದಲೇ ಸ್ವಲ್ಪ ಹೊತ್ತು ಹಾಸ್ಯದ ಸಿನಿಮಾ ನೋಡಿದ್ದವರಲ್ಲಿ ಇದು ಹೊಳೆದವರು ಜಾಸ್ತಿ.

ಇಲ್ಲಿಯ ಜನಕ್ಕೆ ಇದು ಹೊಸ ವಿಷಯ ಅಲ್ಲ. ಯಕ್ಷಗಾನದ ಕವಿ, ಕುಂಬಳೆಯ ಪಾರ್ತಿಸುಬ್ಬನ ನಾಡು ಇದು. ತಾಳಮದ್ದಳೆಯಲ್ಲಿ ಪಾತ್ರದ ಮಾತು ಆಡುವ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರೂ (1918–2006) ಈ ಮಣ್ಣಿನವರೇ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವೇ ತಾಳಮದ್ದಳೆ. ಅದರಲ್ಲಿ ಭಾಗವತರು ಹಾಡುವ ಪದ್ಯ ಮಾತ್ರ ಮೊದಲೇ ಗೊತ್ತಿರುತ್ತದೆ. ಮಾತು ಅಲ್ಲೇ ಹುಟ್ಟಬೇಕು. ಎದುರಿನವರು ಕೆಣಕುತ್ತಾರೆ, ಕೊಂಕು ಪ್ರಶ್ನೆ ಹಾಕುತ್ತಾರೆ, ಉತ್ತರ ಆ ಕ್ಷಣಕ್ಕೇ ಬರಬೇಕು. ಪ್ರಸಂಗದ ಚೌಕಟ್ಟು ಮೀರುವ ಹಾಗಿಲ್ಲ. ಪುರಾಣವನ್ನು ಚೆನ್ನಾಗಿ ಅರಗಿಸಿಕೊಂಡವರು ಮಾತ್ರ ಹೀಗೆ ಆಡಬಲ್ಲರು. ಹಗಲು ಶಾಲೆ, ಬ್ಯಾಂಕು ಅಂತ ದುಡಿದು ಬಂದವರು ರಾತ್ರಿ ಅರ್ಥ ಹೇಳಲು ಕೂರುವುದನ್ನು ನೋಡಿದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

ಎಲ್ಲ ತಮಾಷೆಯೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಮಲಯಾಳ ಓದಲು ಬಾರದ ಹಿರಿಯರೊಬ್ಬರು ಅರ್ಜಿ ಹಿಡಿದು ಕೌಂಟರಿನ ಮುಂದೆ ನಿಂತಿದ್ದಾಗ, ಒಳಗಿನವರು ಅವರ ಮಾತನ್ನು ಆಡಿಕೊಂಡು ನಕ್ಕಿದ್ದನ್ನು ಕಂಡಿದ್ದೇನೆ. ಕೆಲಸ ಆಗಬೇಕಾದ ಆ ಹಿರಿಯರು ತಿರುಗಿ ಏನು ತಾನೇ ಅಂದಾರು? ಅದು ಬರೀ ದರ್ಪ. ಸುಲಿಯುವ ಜಗಲಿಯಲ್ಲಿ ನನ್ನನ್ನು ಅಣಕಿಸಿದವರಿಗೆ ನಾನೂ ಒಂದು ಮಾತು ತಿರುಗಿಸಬಹುದು. ಮಾವನವರೂ ಎಲ್ಲರ ಜೊತೆ ಸುಲಿಯಲು ಕೂರುತ್ತಾರೆ. 'ನಿಮ್ಮ ರಾಶಿ ಬೆಳೆಯುವುದೇ ಇಲ್ಲವಲ್ಲ ಅಣ್ಣೇರೇ' ಅಂತ ಅವರಿಗೂ ಬೀಳುತ್ತದೆ. ತೋಟದ ಯಜಮಾನ ಅಂತ ಬಿಡುವವರಿಲ್ಲ. ಆಫೀಸಿನಲ್ಲಿ ಲವಲವಿಕೆ ಬೇಕು ಅನ್ನುವ ಮ್ಯಾನೇಜರುಗಳು ಮೊದಲು ಇಂಥ ಒಂದು ಮಾತನ್ನು ತಾವೇ ಕೇಳಿಸಿಕೊಳ್ಳಲು ತಯಾರಿರಬೇಕು, ಅದೂ ಕೆಲಸ ನಡೆಯುತ್ತಿರುವ ಸೋಮವಾರ ಬೆಳಿಗ್ಗೆಯೇ.